ಪುನರ್ವಸು ಮಳೆ ಮತ್ತು ಟಾಟಾ ಇನ್‌ಸ್ಟಿಟ್ಯೂಟ್

ಮೊನ್ನೆ ರಾತ್ರಿ ಸುರಿದ ಮಳೆಗೆ ಪುಲಿಕೇಶಿನಗರದ ಮಾಸ್ಕ್ ರೋಡಿನಲ್ಲಿ ಮೊಣಕಾಲುದ್ದ ನೀರು. ಪ್ಯಾಂಟು ಮಡಿಚಿ, ಚಪ್ಪಲಿ ಕೈಲಿ ಹಿಡ್ಕೊಂಡು ರೂಮು ಸೇರೋ ಹೊತ್ತಿಗೆ ಊರಿಂದ ಚಿಕ್ಕಪ್ಪನ ಫೋನು. "ಅಲ್ಲೇನಾದ್ರೂ ಮಳೆ ಆಯ್ತೇನಪ್ಪಾ?" ಅಂದ್ರು. "ಸ್ವಲ್ಪ ಆಯ್ತು ಚಿಕ್ಕಪ್ಪ" ಅಂದೆ. ಪಾವಗಡದ ಕಡೆಯವರ ಹತ್ರ ಮಳೆ ಜಾಸ್ತಿಯಾಯ್ತು ಅಂತ ಗೊಣಗೋಕೆ ನಾಚಿಕೆಯಾಗುತ್ತೆ.

ಚಿಕ್ಕಪ್ಪನ ಈ ಪ್ರಶ್ನೆಗೂ, ನಮ್ಮ ಏರಿಯಾದಿಂದ ಮೇಖ್ರಿ ಸರ್ಕಲ್ ದಾಟಿದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟಿಗೂ (ಅದೇ, ಭಾರತೀಯ ವಿಜ್ಞಾನ ಸಂಸ್ಥೆ) ಒಂದು ಹಳೇ ನಂಟಿದೆ. ನನಗೇ ಇದು ಗೊತ್ತಾಗಿದ್ದು ತೀರ ತಡವಾಗಿ.

ಹಾರ್ವರ್ಡ್‌ನಲ್ಲಿ ಗಣಿತ ಓದಿ, ಸಮುದ್ರದ ಪ್ರವಾಹಗಳ ಮೇಲೆ ಪಿಎಚ್‌ಡಿ ಮಾಡಿದ್ದ ಸುಲೋಚನಾ ಗಾಡ್ಗೀಳ್ 1973ರಲ್ಲಿ ಆ ಸಂಸ್ಥೆಗೆ ಬಂದರು. 1982ರಲ್ಲಿ ರೊದ್ದಂ ನರಸಿಂಹ ಅವರ ಮುಂದಾಳತ್ವದಲ್ಲಿ ವಾತಾವರಣ ವಿಜ್ಞಾನಕ್ಕೇ ಒಂದು ಕೇಂದ್ರ ಶುರುವಾಯ್ತು. ನರಸಿಂಹ ಅವರು ಏರೋಸ್ಪೇಸ್‌ನವರು, ಜೆ. ಶ್ರೀನಿವಾಸನ್ ಮೆಕ್ಯಾನಿಕಲ್‌ನಿಂದ ಬಂದವರು. ಇಂಜಿನಿಯರಿಂಗ್ ಓದಿ ಕೋಡ್ ಬರೀತಾ ಕೂತಿರೋ ನನಗೆ, ಇವರೆಲ್ಲ ಮೋಡದ ಹಿಂದೆ ಬಿದ್ದಿದ್ದು ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು!

ಶಾಲೆಯಲ್ಲಿ ನಾವೆಲ್ಲ ಏನು ಓದಿದ್ವಿ? ಬೇಸಿಗೇಲಿ ನೆಲ ಕಾಯುತ್ತೆ, ಸಮುದ್ರದಿಂದ ಗಾಳಿ ಬೀಸುತ್ತೆ, ಅದೇ ಮುಂಗಾರು. ಇದು 1686ರಲ್ಲಿ ಹ್ಯಾಲಿ ಹೇಳಿದ್ದು. ಆದರೆ ನೆಲ ಹೆಚ್ಚು ಕಾಯೋದು ಮೇನಲ್ಲಿ, ಮಳೆ ಜೋರಾಗೋದು ಜುಲೈನಲ್ಲಿ. ಮಳೆ ಕೈಕೊಟ್ಟ ವರ್ಷವೇ ನೆಲ ಇನ್ನೂ ಬಿಸಿ ಇರುತ್ತೆ. ಪುಣೆಯ ಡಿ. ಆರ್. ಸಿಕ್ಕಾ ಜೊತೆ ಗಾಡ್ಗೀಳ್ 1973ರಿಂದ 77ರವರೆಗಿನ ಉಪಗ್ರಹ ಚಿತ್ರಗಳನ್ನು ದಿನದಿನದ ಲೆಕ್ಕದಲ್ಲಿ ನೋಡಿದರು. 1980ರಲ್ಲಿ ಬಂದ ಅವರ ಪ್ರಬಂಧ ಹೇಳಿದ್ದು ಇಷ್ಟು: ಸಮಭಾಜಕದ ಹತ್ತಿರ, ಸಮುದ್ರದ ಮೇಲೆ ಹುಟ್ಟುವ ಮೋಡದ ಪಟ್ಟಿ ಎರಡರಿಂದ ಆರು ವಾರಕ್ಕೊಮ್ಮೆ ಉತ್ತರಕ್ಕೆ ನಮ್ಮ ನೆಲದ ಕಡೆ ಸರಿಯುತ್ತೆ. ಮಳೆ ಬರೋದು, ನಿಲ್ಲೋದು, ಮತ್ತೆ ಬರೋದು, ಎಲ್ಲದರಲ್ಲೂ ಇದರ ಕೈವಾಡ ಇದೆ.

ಆಮೇಲೆ 1990ರಲ್ಲಿ ಮಾಂಟ್‌ಬ್ಲೆಕ್ಸ್, 1999ರಲ್ಲಿ ಬಂಗಾಳ ಕೊಲ್ಲಿಗೆ ಹಡಗು ತಗೊಂಡು ಹೋದ ಬಾಬ್‌ಮೆಕ್ಸ್... ಅವನ್ನೆಲ್ಲ ಇನ್ನೊಂದು ಸಲ ಬರೀತೀನಿ. ನನಗೆ ಹತ್ತಿರವಾದದ್ದು ಕಡ್ಲೆಕಾಯಿ ಕಥೆ.

ನಮ್ಮ ಪಾವಗಡ, ಪಕ್ಕದ ಅನಂತಪುರ ಕಡೆ ಹಿಂದೆಲ್ಲ ಹಲವು ಧಾನ್ಯ ಕೂಡಿಸಿ ಬೆಳೀತಿದ್ರು. 1970ರ ದಶಕದಿಂದೀಚೆಗೆ ಎಲ್ಲಿ ನೋಡಿದ್ರೂ ಕಡ್ಲೆಕಾಯಿ. ಅಜ್ಜನ ಕಾಲದ ಮಳೆ ಲೆಕ್ಕ ಈ ಹೊಸ ಬೆಳೆಗೆ ಹೊಂದಲಿಲ್ಲ. ಗಾಡ್ಗೀಳ್ ಅವರ ಗುಂಪು ರೈತರ ಜೊತೆ ಕೂತು ಕೇಳಿತು. ಆ ಗುಂಪಿನ ಪಿ. ಆರ್. ಶೇಷಗಿರಿ ರಾವ್ ಅವರಂತೂ ಪಾವಗಡದಲ್ಲಿ ಸ್ವತಃ ಬೇಸಾಯ ಮಾಡುವವರು. ದೇಶಕ್ಕೆಲ್ಲ ಸೇರಿ ಶೇಕಡಾ ಎಷ್ಟು ಮಳೆ ಅನ್ನೋದನ್ನ ಕಟ್ಕೊಂಡು ರೈತನಿಗೇನು? ಅವನಿಗೆ ಬೇಕಾದದ್ದು ಯಾವಾಗ ಬಿತ್ತಬೇಕು ಅನ್ನೋದು. ಹಳೇ ಮಳೆ ದಾಖಲೆಗಳನ್ನ ಬೆಳೆಯ ಕಂಪ್ಯೂಟರ್ ಮಾದರಿಗೆ ಹಾಕಿ ನೋಡಿದರು. ಜೂನ್ ಕೊನೇಲಿ ಬಿತ್ತಿದರೆ ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಡೋ ಅಪಾಯ ಹೆಚ್ಚು. ಜುಲೈ ಮಧ್ಯ ದಾಟಿ ಬಿತ್ತಿದರೆ ಕಡಿಮೆ ಅಂತ ಬಂತು. 1999ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ, 2002ರಲ್ಲಿ 'ಅಗ್ರಿಕಲ್ಚರಲ್ ಸಿಸ್ಟಮ್ಸ್'ನಲ್ಲಿ ಇದೆಲ್ಲ ಅಚ್ಚಾಯಿತು.

ಅಂದರೆ ಪುನರ್ವಸು ಮುಗಿಯೋವರೆಗೆ ಕಾಯಬೇಕು. ನಾನು ಸಣ್ಣವನಿದ್ದಾಗ ಒಂದು ವರ್ಷ ನಮ್ಮ ಮನೇಲಿ ಆರಿದ್ರೆಗೇ ಬಿತ್ತಿ, ಕೊನೆಗೆ ಬರೀ ಬಳ್ಳಿ ಕಿತ್ತು ದನಕ್ಕೆ ಹಾಕಿದ್ದು ನೆನಪಿದೆ.

ನರಸಿಂಹ ಅವರು 2020ರ ಡಿಸೆಂಬರ್‌ನಲ್ಲಿ ಹೋದರು. ಗಾಡ್ಗೀಳ್ 2025ರ ಜುಲೈ 24ರಂದು. ಆಗ ಪುಷ್ಯ ಮಳೆ ನಡೀತಿತ್ತು.

ಇದನ್ನೆಲ್ಲ ಮೊನ್ನೆ ಫೋನಲ್ಲೇ ಚಿಕ್ಕಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಸರಿಯಾಗೇ ಹೇಳವ್ರೆ. ಆದ್ರೆ ಈಗ ಆದ ಹದ ಬಿಟ್ರೆ ಆಮೇಲೆ ಇನ್ನೊಂದು ಹದ ಆಗ್ತದೆ ಅಂತ ಬರ್ಕೊಟ್ಟವ್ರಾ?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದ್ರು, "ಅರ್ಧ ಹೊಲ ಆರಿದ್ರೆಗೆ ಬಿತ್ತಿರ್ತೀನಿ ಬಿಡು. ಇನ್ನರ್ಧ ನಿಮ್ಮ ಮೇಡಮ್ಮೋರು ಹೇಳ್ದಂಗೆ."