ಎರಡನೆಯ ಹಡಗು

ಯುದ್ಧಕಾಲದ ಭಾಷಣಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಮತ್ತೆ ಮತ್ತೆ ಮರಳುವುದು ಕ್ರಿ.ಪೂ. 427ರ ಅಥೆನ್ಸಿಗೆ. ಸ್ಪಾರ್ಟಾದೊಡನೆ ಯುದ್ಧ ಶುರುವಾಗಿ ನಾಲ್ಕು ವರ್ಷ ದಾಟಿತ್ತು. ಪಿಡುಗು ಊರನ್ನು ಹಿಂಡಿಹಾಕಿತ್ತು. ಲೆಸ್ಬೋಸ್ ದ್ವೀಪದ ಮಿತ್ರನಗರ ಮಿಟಿಲೀನ್ ಬಂಡೆದ್ದಿತು. ಅದಕ್ಕೆ ನೆರವಾಗಲು ಶತ್ರುನೌಕೆಗಳು ಅಥೆನ್ಸ್ ತನ್ನದೆಂದುಕೊಂಡಿದ್ದ ಕಡಲಿಗೇ ನುಗ್ಗಿದ್ದವು. ಬಂಡಾಯ ಅಡಗಿದ ಮೇಲೂ ಆ ಭಯ ಇಳಿಯಲಿಲ್ಲ. ವಯಸ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿಸಬೇಕೆಂದು ಪ್ರಜಾಸಭೆ ತೀರ್ಮಾನಿಸಿತು. ಆಜ್ಞೆ ಹೊತ್ತ ಹಡಗು ಹೊರಟೂಬಿಟ್ಟಿತು.

ಮರುದಿನ ಜನರಿಗೆ ಕಸಿವಿಸಿ. ಸಭೆ ಮತ್ತೆ ಸೇರಿತು. ಥ್ಯುಸಿಡಿಡೀಸ್ ಇಲ್ಲಿ ಎರಡು ಭಾಷಣಗಳನ್ನು ಕೊಡುತ್ತಾನೆ. ಮರುಚರ್ಚೆಯೇ ದೌರ್ಬಲ್ಯ ಎಂಬುದು ಕ್ಲಿಯಾನ್‌ನ ವಾದ. ಎದುರು ಮಾತಾಡುವವನು ಲಂಚ ತಿಂದಿರಬೇಕು ಎಂಬ ಸಂಶಯವನ್ನೂ ಅವನು ಮೊದಲೇ ಬಿತ್ತಿಬಿಡುತ್ತಾನೆ. (ಇತಿಹಾಸಕಾರನಿಗೆ ಕ್ಲಿಯಾನ್ ಎಂದರೆ ಆಗುತ್ತಿರಲಿಲ್ಲ, ಅದನ್ನು ನೆನಪಿಟ್ಟುಕೊಂಡೇ ಓದಬೇಕು.)

ಉತ್ತರ ಕೊಟ್ಟವನು ಡಯೊಡೊಟಸ್. ಈ ಚರ್ಚೆಯಾಚೆಗೆ ಅವನ ಬಗ್ಗೆ ಇತಿಹಾಸಕ್ಕೆ ಹೆಚ್ಚೇನೂ ಗೊತ್ತಿಲ್ಲ. ಮೊದಲ ಓದಿನಲ್ಲಿ ಅವನು ನನಗೆ ನಿರಾಸೆ ಮಾಡಿದ. ಕರುಣೆಯನ್ನು ಅವನು ಕೇಳುವುದೇ ಇಲ್ಲ. ಅವರ ತಪ್ಪೇನು ಎಂಬುದಕ್ಕಿಂತ ನಮ್ಮ ಲಾಭವೇನು ಎಂದು ನೋಡಿ, ಆಯುಧ ಕೈಗೆ ಸಿಕ್ಕೊಡನೆ ನಗರವನ್ನು ನಮಗೊಪ್ಪಿಸಿದ ಸಾಮಾನ್ಯರನ್ನೂ ಕೊಂದರೆ ನಾಳೆ ಬೇರೆ ಊರಿನ ಸಾಮಾನ್ಯರು ಬಂಡುಕೋರರ ಪಕ್ಷ ಸೇರುತ್ತಾರೆ, ಎನ್ನುತ್ತಾನೆ. ಆದರೆ ಅದೇ ಭಾಷಣದಲ್ಲಿ ಇನ್ನೊಂದು ಮಾತಿದೆ: ಸಂಶಯ ತುಂಬಿದ ಸಭೆಯಲ್ಲಿ ಒಳ್ಳೆಯ ಸಲಹೆ ಕೊಡುವವನೂ ನಂಬಿಕೆ ಗಳಿಸಲು ಸುಳ್ಳಾಡಬೇಕಾಗುತ್ತದೆ. ಹಾಗಾದರೆ ಆ ತಣ್ಣನೆಯ ಲೆಕ್ಕಾಚಾರವೇ ಕರುಣೆ ತೊಟ್ಟ ವೇಷವೇ? ನಾನು ಹಾಗೆ ಬರೆದಾಗ ಮಾರ್ಗದರ್ಶಕರು ಅಂಚಿನಲ್ಲಿ ‘ಪುರಾವೆ?’ ಎಂದು ಗುರುತು ಹಾಕಿದರು. ಪುರಾವೆ ಇಲ್ಲ. ವಾಕ್ಯವನ್ನು ನಾನಿನ್ನೂ ಅಳಿಸಿಲ್ಲ.

ಎತ್ತಿದ ಕೈಗಳು ಹೆಚ್ಚುಕಡಿಮೆ ಸಮಸಮ. ಕೂದಲೆಳೆಯಲ್ಲಿ ಡಯೊಡೊಟಸ್ ಗೆದ್ದ. ಎರಡನೆಯ ಹಡಗು ಹೊರಟಿತು. ಮೊದಲನೆಯದು ಒಂದು ಹಗಲು ಒಂದು ರಾತ್ರಿ ಮುಂದಿತ್ತು. ಅಂಬಿಗರು ಎಣ್ಣೆ, ದ್ರಾಕ್ಷಾರಸದಲ್ಲಿ ಕಲಸಿದ ಜವೆಹಿಟ್ಟು ತಿನ್ನುತ್ತಲೇ ಹುಟ್ಟು ಹಾಕಿದರು, ಸರದಿಯಲ್ಲಿ ನಿದ್ದೆ ಮಾಡಿದರು. ಮೊದಲ ಹಡಗಿನವರಿಗೆ ಆ ಕೆಲಸ ಹಿಡಿಸದೆ ಅವಸರಿಸಿರಲಿಲ್ಲ. ದಂಡನಾಯಕ ಪ್ಯಾಕಿಸ್ ಮೊದಲ ಆಜ್ಞೆಯನ್ನು ಓದಿ ಮುಗಿಸುವ ಹೊತ್ತಿಗೆ ಇನ್ನೊಂದು ತಲುಪಿತು.

ಊರು ಉಳಿಯಿತು. ಆದರೂ ಮುಂದಾಳುಗಳೆಂದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರೆಂದು ಥ್ಯುಸಿಡಿಡೀಸ್ ಬರೆಯುತ್ತಾನೆ. ಅದು ಕ್ಲಿಯಾನ್‌ನ ಸೂಚನೆ.

ಹನ್ನೊಂದು ವರ್ಷಗಳ ನಂತರ, 416ರಲ್ಲಿ, ಮೀಲೋಸ್ ದ್ವೀಪಕ್ಕೆ ಅದೇ ಶಿಕ್ಷೆ ಬಂತು, ಜಾರಿಯೂ ಆಯಿತು. ಆ ತೀರ್ಪಿನ ಮೇಲೆ ಅಥೆನ್ಸಿನ ಸಭೆಯಲ್ಲಿ ಯಾರು ಏನು ಮಾತಾಡಿದರೆಂದು ಥ್ಯುಸಿಡಿಡೀಸ್ ಒಂದು ಸಾಲನ್ನೂ ಬರೆದಿಲ್ಲ.