ಮದ್ರಾಸಿನ ಎರಡು ಪುಸ್ತಕಗಳು

1906ರಲ್ಲಿ ಮದ್ರಾಸಿನಲ್ಲಿ ಅಪರಾಧ ತನಿಖೆಯ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಹೊರಬಂತು. ಮೂಲ ಜರ್ಮನ್ ಭಾಷೆಯದು. ಬರೆದವರು ಆಸ್ಟ್ರಿಯದ ಹ್ಯಾನ್ಸ್ ಗ್ರಾಸ್. ಭಾರತದ ಪದ್ಧತಿಗೆ ಹೊಂದಿಸಿ ಅನುವಾದಿಸಿದವರು ಮದ್ರಾಸಿನಲ್ಲಿ ಸರ್ಕಾರಿ ವಕೀಲರಾಗಿ ಕೆಲಸ ಮಾಡಿದ ಜಾನ್ ಆಡಂ ಮತ್ತು ಜೆ. ಕಾಲಿಯರ್ ಆಡಂ. ಅಚ್ಚು ಹಾಕಿಸಿದವರು ಎ. ಕೃಷ್ಣಮಾಚಾರಿ. ಮುಂದೆ ಇದೇ ಅನುವಾದದ ಪರಿಷ್ಕೃತ ಆವೃತ್ತಿಗಳು ಲಂಡನ್ನಿನಲ್ಲಿ 1962ರವರೆಗೂ ಬಂದವು. ಯುರೋಪಿನ ವಿದ್ಯೆ ಇಂಗ್ಲೆಂಡಿನ ದಾರಿಯಲ್ಲಿ ನಮ್ಮಲ್ಲಿಗೆ ಬರುವುದು ವಾಡಿಕೆ. ಈ ಪುಸ್ತಕ ಮಾತ್ರ ಮದ್ರಾಸಿನ ದಾರಿಯಲ್ಲಿ ಇಂಗ್ಲೆಂಡಿಗೆ ಹೋಯಿತು. ಅನುವಾದವನ್ನೇ ನಂಬಿ ಬದುಕುವ ನನಗೆ ಇದರ ಮೇಲೆ ಸ್ವಲ್ಪ ಹೆಚ್ಚೇ ಮಮತೆ.

ಗ್ರಾಸ್ ಪ್ರಾಧ್ಯಾಪಕರಾಗುವ ಮೊದಲು ತನಿಖಾ ನ್ಯಾಯಾಧೀಶರಾಗಿದ್ದವರು. 1893ರಲ್ಲಿ ಬಂದ ಅವರ ಕೈಪಿಡಿ ಹೆಜ್ಜೆ ಗುರುತು, ರಕ್ತದ ಕಲೆ, ವಿಷ, ಆಯುಧ, ಕೈಬರಹ ಇವನ್ನೆಲ್ಲ ಓದುವುದು ಹೇಗೆಂದು ಹೇಳಿಕೊಟ್ಟಿತು. ಸಾಕ್ಷಿ ಹೇಳುವವನು ಪ್ರಾಮಾಣಿಕನಾಗಿದ್ದೂ ತಪ್ಪು ಹೇಳಬಲ್ಲ, ಆದ್ದರಿಂದ ಬಾಯಿಮಾತಿಗಿಂತ ವಸ್ತುವನ್ನು ನಂಬಿ ಎಂಬುದು ಅವರ ಪಾಠದ ತಿರುಳು. ತನಿಖೆಯೂ ಕಾಲೇಜಿನಲ್ಲಿ ಕಲಿಸಬೇಕಾದ ಶಾಸ್ತ್ರ ಎಂದು ವಾದಿಸಿ, 1912ರಲ್ಲಿ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ಸಂಸ್ಥೆಯನ್ನೇ ಕಟ್ಟಿದರು.

ಆಗ ಮದ್ರಾಸ್ ಪ್ರಾಂತ್ಯ ಬಹಳ ದೊಡ್ಡದು. ನಾನಿರುವ ಮಧುರವಾಡವನ್ನು ಒಳಗೊಂಡ ವಿಶಾಖಪಟ್ಟಣ ಜಿಲ್ಲೆ, ನಮ್ಮ ಬಳ್ಳಾರಿ, ದಕ್ಷಿಣ ಕನ್ನಡ ಎಲ್ಲವೂ ಅದರೊಳಗಿದ್ದವು. ಈ ಪ್ರಾಂತ್ಯದ ಪೊಲೀಸ್ ಅಧಿಕಾರಿಗಳಿಗೆ ವೆಲ್ಲೂರು ಕೋಟೆಯೊಳಗೆ ತರಬೇತಿ. ಅಂದರೆ ಅಪರಾಧದ ಪಾಠ ನಮ್ಮಲ್ಲಿ ನಡೆದದ್ದು ಕೋಟೆಯಲ್ಲಿ, ಕವಾಯತಿನ ಜೊತೆಗೆ. ಕಾಲೇಜಿಗೆ ಅದು ಬರುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು.

ಆ ಕಾಲದ ಪೊಲೀಸರ ಓದಿಗೆಂದು ಮದ್ರಾಸಿನಲ್ಲಿ ಇನ್ನೊಂದು ಬಗೆಯ ಪುಸ್ತಕಗಳೂ ಬರುತ್ತಿದ್ದವು. 1905ರಲ್ಲಿ, ಗ್ರಾಸ್ ಅನುವಾದಕ್ಕಿಂತ ಒಂದು ವರ್ಷ ಮೊದಲು, ರೈಲ್ವೆ ಪೊಲೀಸ್ ಅಧಿಕಾರಿ ಎಂ. ಪಾಪಾರಾವ್ ನಾಯ್ಡು ಕೊರವರ ಚರಿತ್ರೆಯನ್ನು ಪ್ರಕಟಿಸಿದರು. ಕನ್ನಡದಲ್ಲಿ ಕೊರವ, ಕೊರಚ ಎಂದೂ ತೆಲುಗಿನಲ್ಲಿ ಎರುಕುಲ ಎಂದೂ ಕರೆಯುವ ಸಮುದಾಯದ ಕುರಿತ ಪುಸ್ತಕ ಅದು. ಮೊದಲ ಪುಸ್ತಕ ಕೇಳುವುದು ‘ಇಲ್ಲಿ ಏನು ನಡೆಯಿತು?’ ಎಂದು. ಎರಡನೆಯದರ ಪ್ರಶ್ನೆ ‘ಇವನು ಯಾರ ಮಗ?’

ಈ ಕೊರವರು ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿಗೆ ಒಯ್ದು, ಧಾನ್ಯಕ್ಕೆ ಬದಲಾಯಿಸಿ ಬದುಕಿದ ವ್ಯಾಪಾರಿಗಳು. ರೈಲು ಬಂತು, ಸರ್ಕಾರದ ಉಪ್ಪಿನ ನೀತಿ ಬಂತು, ಹೇರಿನ ವ್ಯಾಪಾರ ಕುಸಿಯಿತು. ಅಲೆದಾಟ ಉಳಿಯಿತು, ಅಲೆಯುವವರ ಮೇಲೆ ಸಂಶಯವೂ ಬೆಳೆಯಿತು. ಕನ್ನಡದಲ್ಲಿ ‘ಕೊರವಂಜಿ’ ಎಂದರೆ ಕಣಿ ಹೇಳುವವಳು, ಯಕ್ಷಗಾನದ ಪ್ರೀತಿಯ ಪಾತ್ರ. 1942ರಲ್ಲಿ ರಾಶಿಯವರು ತಮ್ಮ ಹಾಸ್ಯಪತ್ರಿಕೆಗೂ ಅದೇ ಹೆಸರಿಟ್ಟರು. ರಂಗದ ಮೇಲೆ ನಗಿಸುವ ಆ ಹೆಸರೇ ಠಾಣೆಯ ಪುಸ್ತಕದಲ್ಲಿ ಆಪಾದನೆಯಾಗಿತ್ತು.

1871ರ ಅಪರಾಧಿ ಬುಡಕಟ್ಟು ಕಾಯ್ದೆಯನ್ನು 1911ರಲ್ಲಿ ತಿದ್ದಿ ಬರೆದಾಗ ಅದರ ವ್ಯಾಪ್ತಿಗೆ ಮದ್ರಾಸೂ ಬಂತು. ಪಟ್ಟಿಯಲ್ಲಿ ಹೆಸರಿದ್ದವರು ಏನೂ ಮಾಡದೆ ಇದ್ದರೂ ಅವರ ಬೆರಳಚ್ಚು ತೆಗೆದುಕೊಳ್ಳಬಹುದಿತ್ತು, ಹಾಜರಿ ಕೊಡಿಸಬಹುದಿತ್ತು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ತೆರೆದಾಗ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ದುಡಿದು ರೂಪಿಸಿದ ವರ್ಗೀಕರಣ ಜಗತ್ತಿಗೇ ಮಾದರಿಯಾಗಿತ್ತು. ಅಂಥ ನಿಖರವಾದ ಶಾಸ್ತ್ರ ಇಲ್ಲಿ ಹುಟ್ಟಿನ ಲೆಕ್ಕ ಇಡುವ ಕೆಲಸಕ್ಕೂ ಬಳಕೆಯಾಯಿತು. ಗ್ರಾಸ್ ಕೂಡ ಇದರಿಂದ ಪೂರ್ತಿ ಹೊರಗಿದ್ದವರಲ್ಲ. ಅವರ ಕೈಪಿಡಿಯಲ್ಲೂ ಜಿಪ್ಸಿಗಳ ಮೇಲೊಂದು ಅಧ್ಯಾಯವಿದೆ.

ಕಾಯ್ದೆಯ ಗುರುತುಗಳು ನಕ್ಷೆಯ ಮೇಲೆ ಇನ್ನೂ ಇವೆ. ವಿಜಯವಾಡದ ಎದುರು, ಕೃಷ್ಣಾ ನದಿಯ ಆಚೆ ದಡದ ಸೀತಾನಗರಂನಲ್ಲಿ ಸಾಲ್ವೇಷನ್ ಆರ್ಮಿ ನಡೆಸಿದ ವಸಾಹತು ಇತ್ತು. ಬಾಪಟ್ಲ ಬಳಿಯ ಸ್ಟುವರ್ಟ್‌ಪುರಂ ಹೆಸರು ತೆಲುಗು ಸಿನಿಮಾಗಳಿಂದ ಎಲ್ಲರಿಗೂ ಗೊತ್ತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಇಂದಿಗೂ ಒಂದು ಬಡಾವಣೆಯ ಹೆಸರು. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು, ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ.

1959ರಲ್ಲಿ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಶುರುವಾಯಿತು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಮುಂದೆ ಈ ವಿಷಯವನ್ನು ಕಲಿಸತೊಡಗಿತು. ಈಗ ಮಧುರವಾಡದ ಹುಡುಗಿಯೊಬ್ಬಳು ಕಾನೂನು ಓದಬೇಕೆಂದರೆ, 2008ರಲ್ಲಿ ಆರಂಭವಾದ ದಾಮೋದರಂ ಸಂಜೀವಯ್ಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಸಬ್ಬವರಂನಲ್ಲೇ ಇದೆ. ಪೊಲೀಸ್ ತರಬೇತಿ ಕಾಲೇಜು ಪಕ್ಕದ ವಿಜಯನಗರಂನಲ್ಲಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು.

ಇಂಥವರಿಗೆ ಬೇಡಿಕೆ ಹೆಚ್ಚುವುದು ಖಂಡಿತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಿ ಪುರಾವೆ ಸಂಗ್ರಹಿಸಬೇಕು. ರಾಜ್ಯಗಳಿಗೆ ಇದನ್ನು ಜಾರಿಗೆ ತರಲು ಐದು ವರ್ಷಗಳವರೆಗೆ ಅವಕಾಶವಿದೆ. ಗ್ರಾಸ್ ಹೇಳಿದ ವಸ್ತುಸಾಕ್ಷ್ಯದ ಪಾಠ ಈಗ ಕಾನೂನೇ ಆಗಿದೆ.

ಆದರೆ ಅದೇ ವರ್ಷ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ ಇನ್ನೊಂದು ತೀರ್ಪು ಕೊಟ್ಟಿತು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟಿನಿಂದಲೇ ಶಂಕಿಸುವ ನಿಯಮಗಳು ಇನ್ನೂ ಉಳಿದಿದ್ದವು. ಕೋರ್ಟು ಅವನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಕಾಯ್ದೆ ರದ್ದಾಗಿ 72 ವರ್ಷಗಳಾದರೂ 1905ರ ಪುಸ್ತಕದ ಪ್ರಶ್ನೆ ಕಡತಗಳಲ್ಲಿ ಜೀವಂತವಾಗಿತ್ತು.

ಹಾಗಾಗಿ ಅಪರಾಧಶಾಸ್ತ್ರದ ತರಗತಿಯಲ್ಲಿ ರಕ್ತದ ಕಲೆಯ ಪಾಠದಷ್ಟೇ ಮುಖ್ಯವಾಗಿ ಈ ಚರಿತ್ರೆಯೂ ಇರಬೇಕು ಎಂದು ನನಗನಿಸುತ್ತದೆ. ಠಾಣೆಗೆ ಹೋಗುವ ಹೊಸ ಅಧಿಕಾರಿಯ ಕೈಗೆ ಒಳ್ಳೆಯ ಉಪಕರಣ ಸಿಗಬಹುದು. ಕಳ್ಳತನ ನಡೆದ ರಾತ್ರಿ ಆತ ಮೊದಲು ಹೋಗುವುದು ಒಡೆದ ಬೀಗದ ಕಡೆಗೋ, ಊರಾಚೆಯ ಗುಡಿಸಲಿನ ಕಡೆಗೋ ಎಂಬುದನ್ನು ಉಪಕರಣ ತೀರ್ಮಾನಿಸುವುದಿಲ್ಲ. ಆತ ಕಲಿತು ಬಂದ ಪಾಠ ತೀರ್ಮಾನಿಸುತ್ತದೆ.