ಲಿವಿಂಗ್‌ಸ್ಟನ್ನನ ಕೊನೆಯ ಮಳೆಗಾಲ

ವಾಚಕರೇ, ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡರ್ಥ: ಅನ್ಯದೇಶದವನು, ದಿಕ್ಕಿಲ್ಲದವನು. ಮಳೆಗಾಲದಲ್ಲಿ ಮನೆಯೊಳಗೆ ಬೆಚ್ಚಗೆ ಕುಳಿತು ರೇಡಿಯೋ ಕೇಳುವ ನಮಗೆ ಇವೆರಡೂ ಒಂದೇ ಎಂದು ತೋರಬಹುದು. ಒಂದೇ ಅಲ್ಲವೆಂಬುದಕ್ಕೆ ಡೇವಿಡ್ ಲಿವಿಂಗ್‌ಸ್ಟನ್ನನ ಕೊನೆಯ ದಿನಗಳೇ ಸಾಕ್ಷಿ.

ಸ್ಕಾಟ್ಲೆಂಡಿನ ಈ ವೈದ್ಯನು ಪಾದ್ರಿಯಾಗಿ ಆಫ್ರಿಕಕ್ಕೆ ಹೋದವನು. 1872ರ ಆಗಸ್ಟಿನಲ್ಲಿ, ನೈಲ್ ನದಿಯ ಮೂಲವನ್ನರಸುತ್ತ, ಇಂದಿನ ಟಾಂಜಾನಿಯದ ಟಬೋರಾ ಸೀಮೆಯಿಂದ ದಕ್ಷಿಣಕ್ಕೆ ಹೊರಟನು. ಇಂದಿನ ಜಾಂಬಿಯದಲ್ಲಿರುವ ಬಾಂಗ್ವೇಲು ಸರೋವರವನ್ನು ಸಮೀಪಿಸುವಾಗ ಮಳೆ ಬಲವಾಗಿ ಹಿಡಿದಿತ್ತು. ಅಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ ಮಳೆಗಾಲ. ಆಗ ಸರೋವರವು ದಡ ಮೀರಿ ಹರಡುತ್ತದೆ. ನೆಲವೆಲ್ಲಿ ಮುಗಿಯಿತು, ನೀರೆಲ್ಲಿ ಮೊದಲಾಯಿತು ಎಂದು ತಿಳಿಯದು. ಮೋಡ ಕವಿದರೆ ಸೂರ್ಯನಕ್ಷತ್ರಗಳನ್ನು ನೋಡಿ ದಾರಿ ಗೊತ್ತುಮಾಡುವಂತೆಯೂ ಇಲ್ಲ. ಜಿಗಣೆಗಳ ಕಾಟ, ಇರುವೆಗಳ ದಾಳಿ, ಹಸಿವು, ಇವುಗಳ ಮೇಲೆ ರಕ್ತಭೇದಿ. ನಡೆಯಲಾರದವನನ್ನು ಸಂಗಡಿಗರು ಸರದಿಯಂತೆ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದರು.

1873ರ ಮಾರ್ಚ್ 19ರಂದು ಅವನಿಗೆ ಅರವತ್ತು ತುಂಬಿತು. ನಮ್ಮಲ್ಲಾದರೆ ಷಷ್ಟ್ಯಬ್ದಪೂರ್ತಿಯ ಸಂಭ್ರಮ. ಅವನಿಗೆ ಜೌಗು ನೆಲದ ನಡುವೆ ಬಿಡಾರ. ಮೇ ತಿಂಗಳ ಆರಂಭದಲ್ಲಿ, ಚಿತಾಂಬೋ ಎಂಬ ನಾಯಕನ ಹಳ್ಳಿಯಲ್ಲಿ, ಸಂಗಡಿಗರು ಕಟ್ಟಿಕೊಟ್ಟ ಗುಡಿಸಲಿನಲ್ಲಿ ಅವನು ತೀರಿಕೊಂಡನು. ನೈಲಿಗೆ ಸೇರುತ್ತದೆಂದು ಅವನು ನಂಬಿದ್ದ ಆ ನೀರು ಹರಿಯುವುದು ಕಾಂಗೋ ನದಿಗೆ!

ಆ ಸಂಗಡಿಗರು ಯಾರು? ಚೂಮಾ, ಸೂಸಿ, ಜೇಕಬ್ ವೇನ್‌ರೈಟ್ ಮೊದಲಾದ ಆಫ್ರಿಕದವರು. ದಾಸ್ಯದಿಂದ ಬಿಡುಗಡೆ ಹೊಂದಿದ ಚೂಮಾ ನಮ್ಮ ಮುಂಬಯಿಯಲ್ಲಿ ಕೆಲಕಾಲ ಓದಿದ್ದನು. ವೇನ್‌ರೈಟನು ನಾಸಿಕದ ಮಿಷನ್ ಶಾಲೆಯ ವಿದ್ಯಾರ್ಥಿ. ಹೆಣವನ್ನು ಅಲ್ಲೇ ಮಣ್ಣುಮಾಡಿ ತಂತಮ್ಮ ದಾರಿ ಹಿಡಿದಿದ್ದರೆ ಕೇಳುವವರಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಹೃದಯವನ್ನು ಮರದಡಿ ಹೂಳಿದರು; ವೇನ್‌ರೈಟನು ಪ್ರಾರ್ಥನೆ ಓದಿದನು. ದೇಹವನ್ನು ಉಪ್ಪು ಹಾಕಿ ಬಿಸಿಲಲ್ಲಿ ಒಣಗಿಸಿ, ಬಟ್ಟೆ ತೊಗಟೆಗಳಲ್ಲಿ ಸುತ್ತಿ, ಸಾವಿರ ಮೈಲಿಗೂ ಮಿಗಿಲಾದ ದಾರಿ ಹೊತ್ತು ನಡೆದರು. ಕೆಲವರು ನಡುವೆಯೇ ಸತ್ತರು. ಉಳಿದವರು 1874ರ ಫೆಬ್ರವರಿಯಲ್ಲಿ ಬಾಗಮೋಯೋ ಕಡಲತೀರ ಮುಟ್ಟಿದರು. ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯಾಯಿತು. ವೇನ್‌ರೈಟನು ಅಲ್ಲಿದ್ದನು. ಚೂಮಾ, ಸೂಸಿ ಇಂಗ್ಲೆಂಡನ್ನು ಸೇರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಲಿವಿಂಗ್‌ಸ್ಟನ್ನನು ಅನ್ಯದೇಶದವನು, ನಿಜ, ದಿಕ್ಕಿಲ್ಲದವನಾಗಲಿಲ್ಲ. ಬಹುಕಾಲ ನಾನೂ ತರಗತಿಯಲ್ಲಿ ಅವನೊಬ್ಬನ ಹೆಸರು ಹೇಳಿ ಪಾಠ ಮುಗಿಸುತ್ತಿದ್ದೆ. ಈಗ ಕರಿಹಲಗೆಯ ಮೇಲೆ ಹೊತ್ತವರ ಹೆಸರುಗಳನ್ನೂ ಬರೆಯುತ್ತೇನೆ. ನೀವೂ ಮನೆಯ ಮಕ್ಕಳಿಗೆ ಹೇಳಿರಿ.